ಎರಡು ಸಲ ತಟ್ಟಿದ ಕೈ

ಬೇಲೂರು
೧೮ ಜನವರಿ ೧೯೫೮

ಪ್ರಿಯ ಕೃಷ್ಣಪ್ಪನಿಗೆ ಸಂಪತ್ಕುಮಾರನ ವಂದನೆಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಯದುಗಿರಿಗೆ ಮಾತ್ರ ಬೇಲೂರಿನ ಚಳಿ ಒಗ್ಗಿಲ್ಲ. ಬೆಳಗಾದರೆ ಹಾರನಹಳ್ಳಿಯ ಬಿಸಿಲನ್ನು ನೆನೆಯುತ್ತಾಳೆ. ಮೂರು ವರ್ಷ ನಾನು ನಿಮ್ಮೂರ ಸ್ಕೂಲಿನಲ್ಲಿ ಮೇಷ್ಟರಾಗಿದ್ದಾಗ ಆ ಬಿಸಿಲನ್ನು ದಿನಾ ಬೈದವಳೂ ಅವಳೇ.

ನಿನ್ನ ಕಾಗದ ಬಂತು. ಅರಸೀಕೆರೆಯಲ್ಲಿ ಫೆಬ್ರವರಿ ೨೩ನೇ ಭಾನುವಾರ ಕುಸ್ತಿ, ನಾನು ಬಂದು ಗಡಿಯಾರ ಹಿಡಿದು ಕೂರಬೇಕು, ಲೌಡ್‌ಸ್ಪೀಕರಿನಲ್ಲಿ ಜೋಡಿಗಳ ಹೆಸರು ಕೂಗಬೇಕು ಎಂದಿದ್ದೀಯ. ಬರುತ್ತೇನಪ್ಪ. ಹಾಗೆಂದು ನಿನ್ನ ಗರಡಿಮನೆ ಜಗಲಿಯ ಮೇಲೆ ಅರ್ಧಕ್ಕೆ ನಿಂತ ವಾದದಲ್ಲಿ ಸೋತೆನೆಂದು ತಿಳಿಯಬೇಡ.

ಕುಸ್ತಿ ಆಟ. ಹೊಡೆದಾಟವಲ್ಲ. ಹೊಡೆದಾಟ ಎಂದರೆ ಏನೆಂದು ಕಳೆದ ವಾರ ನಮ್ಮ ಬೀದಿಯಲ್ಲೇ ನೋಡಿದೆ. ಹಿತ್ತಿಲ ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರು ಕಿತ್ತಾಡಿ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿದ. ನಿಮ್ಮಲ್ಲಿ ಕಚ್ಚಬಾರದು, ಗುದ್ದಬಾರದು, ಕಣ್ಣಿಗೆ ಬೆರಳಿಡಬಾರದು. ಶುರುವಿನಲ್ಲಿ ಒಬ್ಬರ ಭುಜಕ್ಕೊಬ್ಬರು ಮಣ್ಣು ಹಾಕಬೇಕು, ಮುಗಿದ ಮೇಲೆ ತಬ್ಬಿಕೊಳ್ಳಬೇಕು. ಇಷ್ಟು ಮರ್ಯಾದೆ ನಮ್ಮ ಕಡೆ ಬೀಗರ ಮನೆಯಲ್ಲೂ ಇಲ್ಲ! ಇಲ್ಲಿನ ದೇವಸ್ಥಾನದ ಗೋಡೆಯಲ್ಲಿ ಒಂದು ಜೋಡಿ ಕಲ್ಲಿನ ಮಲ್ಲರಿದ್ದಾರೆ. ಇಬ್ಬರ ಮುಖದಲ್ಲೂ ನಗು. ನಿಜವಾಗಿ ಹೊಡೆದಾಡುವವರು ನಗುತ್ತಾರೆಯೇ? ನೀನು ಹತ್ತು ವರ್ಷ ಕಲಿತ ಪಟ್ಟುಗಳೆಲ್ಲ ಒಬ್ಬ ಕುಡುಕ ಬಡಿಗೆ ತಂದರೆ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಉತ್ತರ ಬರೆಯುತ್ತೀಯೆಂದು ಗೊತ್ತು. ಬರೆ. ಇಲ್ಲಿ ನನ್ನ ಜೊತೆ ವಾದಕ್ಕೆ ಕೂರುವ ಒಬ್ಬ ಪ್ರಾಣಿಯೂ ಇಲ್ಲ.

ನಿನ್ನ,
ಸಂಪತ್ಕುಮಾರ್


ಹಾರನಹಳ್ಳಿ
೨೭ ಜನವರಿ ೧೯೫೮

ಮೇಷ್ಟ್ರಿಗೆ ಕೃಷ್ಣಪ್ಪ ಮಾಡುವ ನಮಸ್ಕಾರಗಳು.

ನೀವು ಬರುತ್ತೀರೆಂದು ಓದಿ ಗರಡಿಯವರಿಗೆಲ್ಲ ಸಂತೋಷವಾಯಿತು. ಅಮ್ಮಾವರಿಗೆ ಚಳಿಯಾದರೆ ಹುರುಳಿ ಕಟ್ಟಿನ ಸಾರು ಮಾಡಿಕೊಂಡು ಕುಡಿಯಬೇಕೆಂದು ನಮ್ಮ ಅನುಸೂಯಮ್ಮ ಹೇಳುತ್ತಾಳೆ.

ನಿಮ್ಮ ಹಾಗೆ ನನಗೆ ಬರೆಯಲು ಬರುವುದಿಲ್ಲ. ಆದರೂ ಹೇಳುತ್ತೇನೆ. ಆಟದಲ್ಲಿ ಸೋತವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಕುಸ್ತಿ ಕಣದ ಮಟ್ಟಿಯಲ್ಲಿ ಕೆಮ್ಮಣ್ಣಿಗೆ ಬೆನ್ನು ತಾಗಿಸಿಕೊಂಡು ಸೋತವನು ಆರು ತಿಂಗಳು ಊರ ಮುಂದೆ ಓಡಾಡುವುದಿಲ್ಲ, ಹಿತ್ತಿಲ ದಾರಿ ಹಿಡಿಯುತ್ತಾನೆ. ನಮ್ಮ ಚಿಕ್ಕಪ್ಪ ಒಬ್ಬರು ತಿಪಟೂರಿನಲ್ಲಿ ಸೋತು ಬಂದು ಸಾಯುವವರೆಗೆ ಮೀಸೆ ಬಿಡಲಿಲ್ಲ. ಅದಕ್ಕೆ ಆಟ ಅನ್ನುತ್ತೀರಾ? ಬಡಿಗೆ ಹಿಡಿದವನು ಹೊಡೆದು ಓಡಿಹೋಗಬಹುದು. ಮಟ್ಟಿಯಲ್ಲಿ ಓಡುವ ಹಾಗಿಲ್ಲ. ಎದುರಿಗಿರುವವನ ಉಸಿರು ನಿಮ್ಮ ಮುಖಕ್ಕೆ ಬಡಿಯುತ್ತಾ ಇರುತ್ತದೆ. ನಾನು ಕಂಡಂತೆ ಅದಕ್ಕಿಂತ ನಿಜವಾದ ಹೊಡೆದಾಟ ಇಲ್ಲ.

ನನಗೆ ಗೊತ್ತುಮಾಡಿರುವ ಜೋಡಿ ಬಿಕ್ಕೋಡಿನ ಲಕ್ಕಪ್ಪ. ಇಪ್ಪತ್ತೆರಡು ವರ್ಷ. ಕಾಫಿ ತೋಟದಲ್ಲಿ ಮೂಟೆ ಹೊರುತ್ತಾನೆ, ಎರಡೆರಡು ಒಟ್ಟಿಗೆ ಎತ್ತುತ್ತಾನಂತೆ. ಅವನ ತಂದೆಯೂ ಒಳ್ಳೆಯ ಪೈಲ್ವಾನ, ಈಗಿಲ್ಲ. ತಾಯಿ ಬೋರಮ್ಮ ಅದೇ ತೋಟದಲ್ಲಿ ಹಣ್ಣು ಬಿಡಿಸುತ್ತಾಳೆ. ಗಂಡನ ಗರಡಿಗೆ ಹಾಲು ಕಾಯಿಸಿ ಕೊಟ್ಟು ಕೊಟ್ಟು ಕುಸ್ತಿಯ ವಿಷಯವೆಲ್ಲ ಅವಳಿಗೂ ಗೊತ್ತೆಂದು ಹೇಳುತ್ತಾರೆ.

ನನಗೆ ಮೂವತ್ತಾರು ತುಂಬಿತು. ಸಾಕು ಬಿಡ್ರಿ ಅನ್ನುತ್ತಾಳೆ ಅನುಸೂಯಮ್ಮ. ಇದೊಂದು ಆಗಲಿ ಎಂದಿದ್ದೇನೆ. ನನಗೇನೂ ಭಯವಿಲ್ಲ. ಅವನು ಹುಡುಗ, ಕೈಯಲ್ಲಿ ಬಲ ಇದೆ, ಬುದ್ಧಿ ಇನ್ನೂ ಬಂದಿಲ್ಲ ಎಂದು ನೋಡಿದವರು ಹೇಳುತ್ತಾರೆ. ಭಯವೇನೂ ಇಲ್ಲ.

ಇತಿ ತಮ್ಮ
ಕೃಷ್ಣಪ್ಪ


ಹಾರನಹಳ್ಳಿ
೧ ಮಾರ್ಚ್ ೧೯೫೮

ಮೇಷ್ಟ್ರೇ,

ಲಕ್ಕಪ್ಪ ಬುಧವಾರ ಬೆಳಗ್ಗೆ ಹಾಸನದ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಕತ್ತಿನ ಮೂಳೆ ಮುರಿದಿತ್ತಂತೆ. ಭಾನುವಾರ ಸಂಜೆ ನೀವು ಬಸ್ಸಿಗೆ ಹೊರಟಾಗ ಅವನಿಗೆ ಮಾತಿತ್ತು. ಆಮೇಲೆ ಮೂರು ದಿನ ಕಣ್ಣು ಮಾತ್ರ ಆಡುತ್ತಿತ್ತಂತೆ. ನಾನು ಆಸ್ಪತ್ರೆಯ ಹೊರಗೆ ಕೂತಿದ್ದೆ, ಅವರ ಕಡೆಯವರು ಒಳಗೆ ಬಿಡಲಿಲ್ಲ.

ನಿನ್ನೆ ಪೊಲೀಸಿನವರು ಬಂದು ಕರೆದುಕೊಂಡು ಹೋದರು. ಸೋಲುತ್ತೇನೆಂದು ತಿಳಿದು ಬೇಕೆಂದೇ ಕತ್ತು ಮುರಿದ ಎಂದು ಬಿಕ್ಕೋಡಿನವರು ಕಂಪ್ಲೇಂಟು ಕೊಟ್ಟಿದ್ದಾರೆ. ಈಗ ಜಾಮೀನಿನ ಮೇಲೆ ಬಿಟ್ಟಿದ್ದಾರೆ. ನಿಮ್ಮ ಹೆಸರೂ ಸಾಕ್ಷಿಯ ಪಟ್ಟಿಯಲ್ಲಿದೆ.

ಗರಡಿಗೆ ಬೀಗ ಹಾಕಿದೆ.

ಕೃಷ್ಣಪ್ಪ


ಬೇಲೂರು
೫ ಮಾರ್ಚ್ ೧೯೫೮

ಪ್ರಿಯ ಕೃಷ್ಣಪ್ಪ,

ನಿನ್ನ ಕಾಗದ ಓದಿ ನನಗೆ ಊಟ ಸೇರಲಿಲ್ಲ. ಆ ಹುಡುಗ ನನ್ನ ಕಾಲಿಗೂ ನಮಸ್ಕಾರ ಮಾಡಿ ಮಟ್ಟಿಗೆ ಇಳಿದಿದ್ದ. ಆದರೆ ಅಳುತ್ತಾ ಕೂತರೆ ನಿನಗೆ ಉಪಯೋಗವಿಲ್ಲ. ಇಲ್ಲಿಯ ವಕೀಲರೊಬ್ಬರು ನನ್ನ ಸಹಪಾಠಿ, ಅವರನ್ನು ಕಂಡು ಬಂದೆ.

ಅವರು ಹೇಳಿದ್ದು ಇಷ್ಟು. ಇಬ್ಬರೂ ಒಪ್ಪಿಕೊಂಡು, ನಿಯಮದಂತೆ ಆಡುವ ಆಟದಲ್ಲಿ, ಕೊಲ್ಲುವ ಮನಸ್ಸಿಲ್ಲದೆ ಪೆಟ್ಟಾಗಿ ಏನಾದರೂ ಆದರೆ ಕಾನೂನು ಅದನ್ನು ಅಪರಾಧವೆನ್ನುವುದಿಲ್ಲ. ಹೊಡೆದಾಟವಾದರೆ ಬೇರೆ ಮಾತು, ಜೈಲು ತಪ್ಪದು. ಆದ್ದರಿಂದ ಎಲ್ಲವೂ ಒಂದು ಮಾತಿನ ಮೇಲೆ ನಿಂತಿದೆ. ಕುಸ್ತಿ ಆಟ. ನಿನ್ನನ್ನು ಕೇಳಿದಾಗ ನೀನು ಅದನ್ನೇ ಹೇಳಬೇಕು. ಇಷ್ಟು ವರ್ಷ ನನ್ನ ಮೇಲೆ ಹಠಕ್ಕೆ ಬಿದ್ದು ಹೊಡೆದಾಟ ಹೊಡೆದಾಟ ಎಂದವನು ಈಗ ಹಠ ಬಿಡು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಶುರುವಿನಲ್ಲಿ ಇಬ್ಬರೂ ಮಣ್ಣು ಕೊಟ್ಟು ತೆಗೆದುಕೊಂಡಿರಿ. ಅವನು ಎರಡು ಸಲ ನಿನ್ನನ್ನು ಎತ್ತಿದ, ನೀನು ಜಾರಿಕೊಂಡೆ. ಆಮೇಲೆ ಅವನು ಮಂಡಿಯೂರಿದಾಗ ನೀನು ಅವನ ಕತ್ತನ್ನು ಕಂಕುಳಲ್ಲಿ ಹಿಡಿದು ತಿರುಗಿಸಲು ನೋಡಿದೆ. ತೀರ್ಪುಗಾರರು ಆ ಬದಿಯಲ್ಲಿ ಬಗ್ಗಿ ಅವನ ಭುಜ ನೋಡುತ್ತಿದ್ದರು. ಈ ಬದಿಯಲ್ಲಿ ಮಟ್ಟಿಯ ಅಂಚಿಗೆ ಕೂತಿದ್ದವನು ನಾನೊಬ್ಬನೇ. ಆಗಲೂ ಅವನು ಎಡಗೈಯಿಂದ ನಿನ್ನ ಪಕ್ಕೆಗೆ ಹೊಡೆಯುತ್ತಿದ್ದ. ಸೋತಿರಲಿಲ್ಲ, ಹೋರಾಡುತ್ತಲೇ ಇದ್ದ. ಅಂದ ಮೇಲೆ ಕೈಲಾಗದವನ ಮೇಲೆ ನೀನು ಬಿದ್ದೆ ಎಂಬ ಬಿಕ್ಕೋಡಿನವರ ಮಾತು ನಿಲ್ಲುವುದಿಲ್ಲ. ಇದು ಬಹಳ ಮುಖ್ಯವೆಂದು ವಕೀಲರು ಬರೆದುಕೊಂಡರು.

ಒಂದು ವಿಷಯ ನಿನ್ನ ಹತ್ತಿರ ಹೇಳದೆ ಇರಲಾರೆ. ಮೊದಲ ಐದು ನಿಮಿಷ ನೀವಿಬ್ಬರೂ ಸುಮ್ಮನೆ ಕೈ ಕೈ ಹಿಡಿದು ಸುತ್ತುತ್ತಿದ್ದಾಗ ಜನ ಕೂಗಿದರು. ನನಗೂ ತಮಾಷೆ ಬಂತು. "ಇದು ಕುಸ್ತಿಯೋ, ಕೋಲಾಟವೋ?" ಎಂದು ಲೌಡ್‌ಸ್ಪೀಕರಿನಲ್ಲಿ ಹೇಳಿಬಿಟ್ಟೆ. ಜನವೆಲ್ಲ ನಕ್ಕರು. ನಮ್ಮಿಬ್ಬರ ನಡುವಿನ ಮಾತನ್ನು ಎರಡು ಸಾವಿರ ಜನದ ಮುಂದೆ ಆಡಬಾರದಿತ್ತು. ಆಮೇಲೆಯೇ ನಿನ್ನ ಮುಖ ಬದಲಾಯಿತು ಎಂದು ನನಗೆ ಅನಿಸುತ್ತಿದೆ. ನನ್ನಿಂದ ಇದಾಯಿತೇ, ಕೃಷ್ಣಪ್ಪ? ಸ್ಪಷ್ಟವಾಗಿ ಬರೆ.

ಸಂಪತ್ಕುಮಾರ್


ಹಾರನಹಳ್ಳಿ
೧೯ ಮಾರ್ಚ್ ೧೯೫೮

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಮಟ್ಟಿಗೆ ಇಳಿದ ಮೇಲೆ ಹೊರಗಿನ ಸದ್ದು ಕೇಳುವುದಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದು ಕೇಳುತ್ತೇನೆ. ಲಕ್ಕಪ್ಪನ ಎಡಗೈ ಎಷ್ಟು ಸಲ ಬಿತ್ತು ಎಂದು ನೋಡಿದಿರಾ? ಜೋರಾಗಿ ಬಿತ್ತಾ, ಮೆಲ್ಲಗೆ ಬಿತ್ತಾ? ಬೇರೆ ಯಾರಾದರೂ ನೋಡಿದರಾ? ಇದನ್ನು ಕೋರ್ಟಿನಲ್ಲಿ ಹೇಳಲೇಬೇಕಾ?

ವಕೀಲರು ಇಲ್ಲಿಗೂ ಬಂದಿದ್ದರು. ಆಟ ಅನ್ನುವ ಮಾತನ್ನು ನನ್ನ ಬಾಯಲ್ಲಿ ನಾಲ್ಕು ಸಲ ಹೇಳಿಸಿದರು. ನಾಲ್ಕು ಸಲವೂ ನೆಲ ನೋಡಿಕೊಂಡೇ ಹೇಳಿದೆ. ನಾನು ಹೆದರಿದ್ದೇನೆಂದು ಅವರು ತಿಳಿದುಕೊಂಡರು.

ಬಿಕ್ಕೋಡು ನಿಮಗೆ ಹತ್ತಿರ. ಒಂದು ಸಲ ಹೋಗಿ ಬೋರಮ್ಮ ಹೇಗಿದ್ದಾಳೆ ನೋಡಿಕೊಂಡು ಬರುತ್ತೀರಾ? ನಾನು ಹೋಗಬೇಕು, ಹೋಗಲು ಕಾಲು ಬರುವುದಿಲ್ಲ. ನನ್ನ ಹೆಸರು ಹೇಳಬೇಡಿ. ಸುಮ್ಮನೆ ನೋಡಿ ಬಂದರೆ ಸಾಕು.

ಕೃಷ್ಣಪ್ಪ


ಬೇಲೂರು
೧೦ ಏಪ್ರಿಲ್ ೧೯೫೮

ಪ್ರಿಯ ಕೃಷ್ಣಪ್ಪ,

ಪರೀಕ್ಷೆಯ ಕೆಲಸದಲ್ಲಿ ಉತ್ತರ ತಡವಾಯಿತು. ಬಿಕ್ಕೋಡಿಗೆ ಹೋಗಿ ಬಂದೆ. ಆಕೆ ಸಮಾಧಾನವಾಗಿದ್ದಾಳೆ. ತೋಟದ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ. ದೈವೇಚ್ಛೆ ಎಂದಳು. ಹೆಚ್ಚು ಮಾತಾಡಲಿಲ್ಲ. ಇನ್ನು ನೀನು ಆ ಚಿಂತೆ ಬಿಡಬೇಕು.

ಹುಡುಗನ ಕೈ ಎಷ್ಟು ಸಲ ಬಿತ್ತು ಎಂದು ಕೇಳಿದ್ದೀಯ. ಎರಡು ಸಲ ನೋಡಿದೆ. ಜೋರೇ ಮೆಲ್ಲಗೇ ಎಂದು ಹೇಗೆ ಹೇಳಲಿ? ನಿನ್ನ ಪಕ್ಕೆ, ನಿನಗೇ ಗೊತ್ತು. ಬೇರೆ ಯಾರೂ ನೋಡಿದಂತಿಲ್ಲ, ಅದಕ್ಕೇ ನನ್ನ ಸಾಕ್ಷಿಗೆ ಬೆಲೆ. ಅದನ್ನು ಹೇಳಬೇಕೇ ಎಂದು ಕೇಳುತ್ತೀಯಲ್ಲ! ಹೇಳಲೇಬೇಕು. ನಿನ್ನನ್ನು ಉಳಿಸುವುದು ಅದೇ. ಅವನು ನಿನ್ನನ್ನು ಹೊಡೆದ ಎಂದರೆ ಸತ್ತವನ ಮೇಲೆ ದೂರು ಹೇಳಿದಂತೆ ಎಂದು ನಿನ್ನ ಒಳ್ಳೆಯ ಮನಸ್ಸು ಹಿಂಜರಿಯುತ್ತಿರಬೇಕು. ಕಾಲ ಒಳ್ಳೆಯತನಕ್ಕೆ ಸರಿಯಾಗಿಲ್ಲ.

ನನ್ನ ಪಾಡೂ ಅಷ್ಟು ಸುಖವಾಗಿಲ್ಲ. ಸ್ಕೂಲ್ ಮೇಷ್ಟರಿಗೆ ಕುಸ್ತಿಯ ಕಣದಲ್ಲಿ ಏನು ಕೆಲಸವೆಂದು ಹೆಡ್‌ಮಾಸ್ಟರು ಕೇಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ನನಗೆ ಕೇಳುವಂತೆಯೇ ಅಂದರು. ಲೌಡ್‌ಸ್ಪೀಕರಿನ ಮಾತು ಇಲ್ಲಿಗೂ ಮುಟ್ಟಿದೆ.

ಆ ಮಾತು ನಿನಗೆ ಕೇಳಿಸಲಿಲ್ಲ ಎಂದೆಯಲ್ಲ, ಅದನ್ನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಸಂಪತ್ಕುಮಾರ್


ಹಾರನಹಳ್ಳಿ
೩೦ ಮೇ ೧೯೫೮

ಮೇಷ್ಟ್ರಿಗೆ ನಮಸ್ಕಾರ. ಜೂನ್ ೨೫ಕ್ಕೆ ಅರಸೀಕೆರೆ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಎಂದು ಗೊತ್ತಾಗಿದೆ. ನಿಮಗೂ ಸಮನ್ಸು ಬಂದಿರಬೇಕು. ವಕೀಲರು ಹೇಳಿದ ಹಾಗೇ ಹೇಳುತ್ತೇನೆ. ಅನುಸೂಯಮ್ಮನಿಗೆ ಈಗ ಐದು ತಿಂಗಳು, ಅವಳ ಮುಖ ನೋಡಿಕೊಂಡು ಒಪ್ಪಿದೆ. ಈ ಸಲ ಮಳೆ ಬೇಗ ಬಂತು, ರಾಗಿ ಹೊಲ ಉತ್ತಾಯಿತು.

ಕೃಷ್ಣಪ್ಪ


ಬೇಲೂರು
೨೭ ಜೂನ್ ೧೯೫೮

ಪ್ರಿಯ ಕೃಷ್ಣಪ್ಪ,

ಎಲ್ಲಪ್ಪ ಹೋದೆ ಮೊನ್ನೆ? ಸಾಕ್ಷಿ ಮುಗಿಸಿ ಹೊರಗೆ ಬಂದು ಹುಡುಕಿದೆ. ಹೋಟೆಲಿನಲ್ಲಿ ಕಾಫಿ ಕುಡಿದು ಜೊತೆಯಲ್ಲಿ ಬಸ್‌ಸ್ಟಾಂಡಿಗೆ ಹೋಗೋಣವೆಂದುಕೊಂಡಿದ್ದೆ. ನೀನು ಆ ಹೊಂಗೆಮರದ ಕೆಳಗೆ ಬೋರಮ್ಮನ ಎದುರಿಗೆ ನಿಂತಿದ್ದುದನ್ನು ದೂರದಿಂದ ಕಂಡೆ. ಬರುವಷ್ಟರಲ್ಲಿ ಇಬ್ಬರೂ ಇರಲಿಲ್ಲ.

ನನ್ನ ಸಾಕ್ಷಿ ಚೆನ್ನಾಗಿ ಆಯಿತೆಂದು ಎಲ್ಲರೂ ಹೇಳಿದರು. "ಮೃತನು ಕೊನೆಯ ಗಳಿಗೆಯಲ್ಲೂ ಎದುರಾಳಿಯ ಪಕ್ಕೆಗೆ ಕೈಯಿಂದ ಹೊಡೆಯುತ್ತಿದ್ದನೇ?" ಎಂದು ವಕೀಲರು ಕೇಳಿದಾಗ "ಹೌದು, ಎರಡು ಸಲ ನೋಡಿದೆ" ಎಂದೆ. ಮ್ಯಾಜಿಸ್ಟ್ರೇಟರು ಅದನ್ನು ಸ್ವತಃ ಬರೆದುಕೊಂಡರು. "ಕುಸ್ತಿ ಆಟವೋ ಹೊಡೆದಾಟವೋ?" ಎಂದಾಗ, "ಸ್ವಾಮಿ, ಇದರ ಮೇಲೆ ಆಪಾದಿತನಿಗೂ ನನಗೂ ವರ್ಷಗಳ ವಾದವಿದೆ, ಆಟವೆಂಬುದು ನನ್ನ ಅಭಿಪ್ರಾಯ" ಎಂದೆ. ಅವರೂ ಸ್ವಲ್ಪ ನಕ್ಕರು.

ತೀರ್ಪು ಜುಲೈ ೧೧ಕ್ಕೆ. ಬಿಡುಗಡೆ ಖಂಡಿತವೆಂದು ವಕೀಲರ ಮಾತು. ಯದುಗಿರಿ ಚೆನ್ನಕೇಶವನಿಗೆ ಹರಕೆ ಹೊತ್ತಿದ್ದಾಳೆ. ಬೋರಮ್ಮ ಏನೆಂದಳು? ಬೈದಳೇ? ತಾಯಿಯ ಬಾಯಿಂದ ಬಂದದ್ದಕ್ಕೆ ಬೇಸರ ಪಡಬೇಡ.

ಸಂಪತ್ಕುಮಾರ್


ಹಾರನಹಳ್ಳಿ
೨ ಜುಲೈ ೧೯೫೮

ಮೇಷ್ಟ್ರೇ,

ಈ ಕಾಗದವನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ.

ಗರಡಿಯಲ್ಲಿ ಒಂದು ಪದ್ಧತಿ ಇದೆ. ನಾವು ನಾವೇ ಅಭ್ಯಾಸಕ್ಕೆ ಹಿಡಿದು ಜೋರು ಮಾಡುವಾಗ ಯಾರಿಗಾದರೂ ಉಸಿರು ಕಟ್ಟಿದರೆ, ಮೂಳೆಗೆ ಬಂದರೆ, ಬಾಯಲ್ಲಿ ಹೇಳಲು ಆಗುವುದಿಲ್ಲ. ಆಗ ಮೇಲಿರುವವನ ಪಕ್ಕೆಗೆ ಅಂಗೈಯಿಂದ ತಟ್ಟುತ್ತೇವೆ. ಬಿಡು ಎಂದು ಅದರ ಅರ್ಥ. ತಟ್ಟಿದ ತಕ್ಷಣ ಬಿಡಬೇಕು. ಗರಡಿಗೆ ಬಂದವನಿಗೆ ಮೊದಲು ಕಲಿಸುವುದು ಪಟ್ಟು ಹಾಕುವುದನ್ನಲ್ಲ, ಇದನ್ನು. ಜನದ ಮುಂದೆ ಮಾತ್ರ ಯಾರೂ ತಟ್ಟುವುದಿಲ್ಲ. ಪೈಲ್ವಾನನಿಗೆ ಅದಕ್ಕಿಂತ ನಾಚಿಕೆಗೇಡು ಇಲ್ಲ. ಹೊರಗಿನವರಾದ್ದರಿಂದ ನಿಮಗೆ ಇದು ಗೊತ್ತಿಲ್ಲ. ಮೂರು ವರ್ಷ ಜಗಲಿಯ ಮೇಲೆ ಕೂತು ವಾದ ಮಾಡಿದಿರಿ, ಒಳಗೆ ಬಂದು ನೋಡಲಿಲ್ಲ.

ಲಕ್ಕಪ್ಪ ನನ್ನನ್ನು ಹೊಡೆಯಲಿಲ್ಲ. ತಟ್ಟಿದ.

ಮೊದಲ ಸಲ ತಟ್ಟಿದಾಗಲೇ ನನಗೆ ತಿಳಿಯಿತು. ಎರಡನೇ ಸಲ ಮೆಲ್ಲಗೆ ತಟ್ಟಿದ. ಅಷ್ಟರಲ್ಲಿ ಬಿಡಬಹುದಿತ್ತು. ಅವನು ನನ್ನನ್ನು ಎರಡು ಸಲ ಎತ್ತಿದ್ದ, ಮೂರನೇ ಸಲ ಎತ್ತಿದರೆ ನನ್ನ ಬೆನ್ನು ಮಣ್ಣಿಗೆ ತಾಗುತ್ತಿತ್ತು. ತಟ್ಟಿದ್ದನ್ನು ಯಾರೂ ನೋಡಿಲ್ಲ, ಬಿಟ್ಟರೆ ಎದ್ದು ನನ್ನನ್ನು ಎತ್ತುತ್ತಾನೆ ಎಂದು ತಲೆಗೆ ಬಂತು. ಹಿಡಿತ ಇನ್ನೂ ಬಿಗಿ ಮಾಡಿದೆ. ಆಟದಲ್ಲಿ ಯಾರೂ ಅಷ್ಟು ಹೆದರುವುದಿಲ್ಲ ಮೇಷ್ಟ್ರೇ. ನಾನು ಹೆದರಿದ್ದೆ.

ನಿಮ್ಮ ಕೋಲಾಟದ ಮಾತೂ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಸುಳ್ಳು ಬರೆದೆ. ಆದರೆ ಅದಕ್ಕಾಗಿ ನಾನು ಹಾಗೆ ಮಾಡಲಿಲ್ಲ. ಅದರ ಪಾಪವನ್ನು ನೀವು ತೆಗೆದುಕೊಳ್ಳಬೇಡಿ, ಅದು ನಿಮ್ಮದಲ್ಲ.

ಬೋರಮ್ಮ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿದ್ದಳು. ನೀವು ಎರಡು ಸಲ ಎಂದಾಗ ಅವಳು ಎದ್ದು ಹೊರಗೆ ಹೋದಳು. ಆಮೇಲೆ ಮರದ ಕೆಳಗೆ ನನ್ನನ್ನು ಕರೆದಳು. "ಅವ್ನು ಹೊಡೀತಿರ್ಲಿಲ್ಲ ಅಲ್ವೇನಪ್ಪಾ? ತಟ್ಟುದ್ನಲ್ವಾ?" ಅಂದಳು. ಹೌದು ಕಣವ್ವ ಅಂದೆ. "ನಿಂಗೆ ತಿಳೀತಾ?" ಅಂದಳು. ತಿಳೀತು ಅಂದೆ. "ಮೂರ್ನೇ ಸಲ ತಟ್ನಿಲ್ವಾ?" ಅಂದಳು. ಇಲ್ಲ ಕಣವ್ವ, ಎರಡೇ ಸಲ ಅಂದೆ. ಅವಳು ಬಾಯಿಗೆ ಸೆರಗು ಹಿಡಿದುಕೊಂಡಳು. ಆಮೇಲೆ ಒಂದು ಮಾತೂ ಆಡದೆ ಹೋದಳು.

ಬೇಲೂರಿನ ಮೇಷ್ಟರು ನಿಮ್ಮನ್ನು ನೋಡಲು ಬಂದಿದ್ದರಲ್ಲ ಎಂದು ಮಧ್ಯೆ ಕೇಳಿದ್ದೆ. ಯಾವ ಮೇಷ್ಟರೂ ಬಂದಿರಲಿಲ್ಲ ಅಂದಳು. ನನಗೆ ಕೋಪ ಇಲ್ಲ. ನಾನೂ ಹೋಗಿರಲಿಲ್ಲ.

ಅವಳು ಹಾಗೆ ಸುಮ್ಮನೆ ಹೋದದ್ದು ಯಾಕೆಂದು ನನಗೆ ಅರ್ಥವಾಗಿದೆ. ತನ್ನ ಮಗನ ಸಾವು ಕೋರ್ಟಿನ ಕಾಗದದಲ್ಲಿ ಆಟ ಎಂದು ಬರೆದು ಮುಗಿಯುತ್ತದೆ, ನಿಜ ಗೊತ್ತಿದ್ದವನು ಬಾಯಿ ಬಿಡುತ್ತಾನೋ ಇಲ್ಲವೋ ನೋಡೋಣ ಎಂದು ಕಾಯುತ್ತಿದ್ದಾಳೆ. ೧೧ನೇ ತಾರೀಕು ಹೇಳಿಬಿಡುತ್ತೇನೆ. ಅನುಸೂಯಮ್ಮನಿಗೆ ಹೇಳಿದೆ. ಒಲೆ ಮುಂದೆ ಕೂತು ಅತ್ತಳು. ಆಮೇಲೆ, "ಹೇಳ್ದೆ ನಿದ್ದೆ ಬರಾಕಿಲ್ಲ ಅಂದ್ರೆ ಹೇಳಿ ಬನ್ನಿ, ನಾನೇನು ಮಾಡ್ಲಿ" ಅಂದಳು.

ಕೃಷ್ಣಪ್ಪ


ಬೇಲೂರು
೫ ಜುಲೈ ೧೯೫೮

ಪ್ರಿಯ ಕೃಷ್ಣಪ್ಪ,

ಕೈಮುಗಿದು ಕೇಳಿಕೊಳ್ಳುತ್ತೇನೆ, ಬೇಡ.

ನಾನು ಬಿಕ್ಕೋಡಿಗೆ ಹೋಗಲಿಲ್ಲ. ಬಸ್ಸು ಹತ್ತಿದ್ದು ನಿಜ. ಅಲ್ಲಿ ಇಳಿದು ಕಾಲು ಗಂಟೆ ನಿಂತು ಅದೇ ಬಸ್ಸಿನಲ್ಲಿ ವಾಪಸು ಬಂದೆ. ಲೌಡ್‌ಸ್ಪೀಕರಿನಲ್ಲಿ ಕೂಗಿದ ಬಾಯಲ್ಲಿ ಆ ತಾಯಿಗೆ ಏನು ಹೇಳಲಿ? ನಿನಗೆ ಸಮಾಧಾನವಾಗಲೆಂದು ಸುಳ್ಳು ಬರೆದೆ ಎಂದು ಹೇಳಿಕೊಂಡಿದ್ದೆ. ನನಗೆ ಸಮಾಧಾನವಾಗಲೆಂದೇ ಬರೆದದ್ದು.

ಆ ಕೈಯನ್ನು ನೋಡಿಯೂ ನಾನು ತಿಳಿಯಲಿಲ್ಲ. ಬಿಡು ಎಂದು ಕೇಳಿದ ಕೈಯನ್ನು ಹೊಡೆದ ಕೈ ಎಂದು ಪ್ರಮಾಣ ಮಾಡಿ ಹೇಳಿ, ಚೆನ್ನಾಗಿ ಹೇಳಿದೆ ಎಂದು ಹೋಟೆಲಿನಲ್ಲಿ ಕಾಫಿ ಕುಡಿದೆ. ನಿನ್ನೆಯಿಂದ ಯದುಗಿರಿ ಏನಾಯಿತೆಂದು ಕೇಳುತ್ತಾಳೆ, ಹೇಳಲಾಗುತ್ತಿಲ್ಲ. ನೀನು ಎದ್ದು ನಿಂತು ಹೇಳಿದರೆ ನನ್ನ ಸಾಕ್ಷಿ ಸುಳ್ಳಾಗುತ್ತದೆ, ಕೆಲಸಕ್ಕೂ ತೊಂದರೆ ಬರಬಹುದು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಭಯವೂ ಈ ಕಾಗದದಲ್ಲಿದೆ.

ಆದರೆ ನನ್ನನ್ನು ಪಕ್ಕಕ್ಕಿಡು. ಹುಟ್ಟುವ ಮಗು ಜೈಲಿನ ಬಾಗಿಲಲ್ಲಿ ನಿನ್ನನ್ನು ನೋಡಬೇಕೇ? ಬೋರಮ್ಮ ಕೇಳಿದಳು, ನೀನು ಅವಳಿಗೆ ಹೇಳಿದೆ. ಅಲ್ಲಿಗೆ ಮುಗಿಯಿತಲ್ಲ. ಅವಳು ಕಾಯುತ್ತಿದ್ದಾಳೆ ಎನ್ನುತ್ತೀಯ. ಅವಳ ಬಾಯಿಂದ ಹಾಗೆ ಕೇಳಿದೆಯಾ? ಇಲ್ಲ ತಾನೇ? ಒಂದು ಸಲ ಹೋಗಿ ಕೇಳಿಕೊಂಡು ಬಾ. ಬೇಕಾದರೆ ಹಳೇಬೀಡಿನ ಬಸ್‌ಸ್ಟಾಂಡಿಗೆ ಬಾ, ನಾನೂ ಜೊತೆಗೆ ಬರುತ್ತೇನೆ, ಈ ಸಲ ನಿಜವಾಗಿ ಬರುತ್ತೇನೆ. ಬುಧವಾರ ರಜೆ ಹಾಕಿ ಹತ್ತು ಗಂಟೆಯಿಂದ ಅಲ್ಲಿ ಕಾಯುತ್ತಿರುತ್ತೇನೆ.

ಸಂಪತ್ಕುಮಾರ್


ಹಾರನಹಳ್ಳಿ
೨೦ ಜುಲೈ ೧೯೫೮

ಮೇಷ್ಟ್ರಿಗೆ ನಮಸ್ಕಾರ.

ಅವತ್ತು ಹಳೇಬೀಡಿನಲ್ಲಿ ಸಂಜೆಯವರೆಗೆ ಕಾದಿರಂತೆ. ನಮ್ಮೂರಿನ ಜಾನಕಮ್ಮ ನೋಡಿ ಬಂದು ಹೇಳಿದರು. ಬರಬೇಕಿತ್ತು. ಬೋರಮ್ಮನ ಮನಸ್ಸು ನನಗೇ ಗೊತ್ತು ಎಂದುಕೊಂಡು ಮನೆಯಲ್ಲಿ ಕೂತೆ.

ನನಗೆ ಬಿಡುಗಡೆಯಾಗಿದೆ. ವಕೀಲರು ನಿಮಗೆ ಹೇಳಿರಬಹುದು. ಉಳಿದದ್ದನ್ನು ನಾನೇ ಬರೆಯಬೇಕು.

ತೀರ್ಪು ಓದುವ ಮೊದಲು ಸ್ವಾಮಿ ಒಂದು ಮಾತು ಎಂದು ಕೈಮುಗಿದೆ. ಹುಡುಗ ಹೊಡೆಯಲಿಲ್ಲ, ಸೋತೆ, ಬಿಡು ಅಂತ ಪಕ್ಕೆಗೆ ತಟ್ಟಿದ, ನನಗೆ ತಿಳಿದೂ ಬಿಡಲಿಲ್ಲ ಎಂದು ಜೋರಾಗಿಯೇ ಹೇಳಿದೆ. ಕೋರ್ಟು ತುಂಬಾ ಜನ ಇದ್ದರು. ಬಿಕ್ಕೋಡಿನಿಂದಲೇ ಮೂವತ್ತು ಜನ ಬಂದಿದ್ದರು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಇದೇನೆಂದು ವಕೀಲರನ್ನು ಕೇಳಿದರು. ವಕೀಲರು ಎದ್ದು, ತಟ್ಟುವುದು ಗರಡಿಯೊಳಗಿನ ಅಭ್ಯಾಸ, ಬಹಿರಂಗ ಕುಸ್ತಿಯ ನಿಯಮವಲ್ಲ, ತೀರ್ಪುಗಾರರು ಸೀಟಿ ಊದಿರಲಿಲ್ಲ, ನನ್ನ ಕಕ್ಷಿದಾರ ದುಃಖದಲ್ಲಿ ಬುದ್ಧಿ ಕೆಟ್ಟು ಮಾತಾಡುತ್ತಿದ್ದಾನೆ ಅಂದರು. ಮ್ಯಾಜಿಸ್ಟ್ರೇಟರು ನನ್ನನ್ನು ಕನಿಕರದಿಂದ ನೋಡಿದರು. ಇವನಿಗೆ ನೀರು ಕೊಡಿ ಅಂದರು. ಆಮೇಲೆ ಆಟದಲ್ಲಿ ಆದ ಆಕಸ್ಮಿಕ ಎಂದು ಓದಿ ಬಿಟ್ಟುಬಿಟ್ಟರು. ನಿಮ್ಮ ಸಾಕ್ಷಿಗೆ ಏನೂ ಆಗಲಿಲ್ಲ, ಹೆದರಬೇಡಿ.

ಹೊರಗೆ ಬಂದಾಗ ಬಿಕ್ಕೋಡಿನ ಹುಡುಗರು ಗುಂಪಾಗಿ ನಿಂತಿದ್ದರು. ನನ್ನ ಮೇಲೆ ಬೀಳುತ್ತಾರೆ ಎಂದುಕೊಂಡೆ, ಬಿದ್ದರೆ ಬೀಳಲಿ ಅನಿಸಿತು. ಅವರು ನನ್ನ ಕಡೆ ನೋಡಲೂ ಇಲ್ಲ. "ಲಕ್ಕ ಬಿಡು ಅಂತ ತಟ್ಟುದ್ನಂತಲ್ಲೋ, ಎರಡು ಸಾವ್ರ ಜನ್ರ ಮುಂದೆ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಅವನು ತಲೆ ಬಗ್ಗಿಸಿ ಉಗುಳಿದ.

ಬೋರಮ್ಮ ಬಸ್ಸಿನಲ್ಲಿ ಕೂತಿದ್ದಳು. ಕಿಟಕಿಯ ಹತ್ತಿರ ಹೋಗಿ, ಹೇಳ್ದೆ ಕಣವ್ವ ಅಂದೆ. ಅವಳು ಏನಾದರೂ ಅನ್ನುತ್ತಾಳೆ, ಅಂದರೆ ನನ್ನ ಎದೆ ಹಗುರವಾಗುತ್ತದೆ ಎಂದು ಕಾದೆ.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಯಾಕ್ ಹೇಳ್ದಪ್ಪಾ? ನಾನು ಹೇಳು ಅಂದ್ನಾ? ನಾನು ಕೇಳಿದ್ದು ನಂಗೋಸ್ಕರ. ಹೊಟ್ಟೇಲಿ ಇಟ್ಕಂಡು ಹೋಗ್ತಿದ್ದೆ. ನನ್ ಮಗ ಕೊನೇಗಂಟ ಹೊಡೆದಾಡ್ತಾ ಸತ್ತ ಅಂತ ಮ್ಯಾಷ್ಟ್ರು ಹೇಳಿದ್ರು, ಊರೆಲ್ಲ ಹಂಗೇ ನಂಬ್ಕಂಡಿತ್ತು. ಗರಡೀಲಿ ಅವನ ಫೋಟೋ ಹಾಕ್ಸಿದ್ರು. ಈಗ ಬಿಡು ಬಿಡು ಅಂತ ಬೇಡ್ಕಂಡು ಸತ್ತೋನು ಅಂತಾರೆ. ಅವತ್ತು ನಿನ್ ಭಯಕ್ಕೆ ಅವನ್ನ ಹಿಡ್ಕಂಡೆ. ಇವತ್ತು ನಿನ್ ನೆಮ್ಮದೀಗೂ ಅವನ್ನೇ ಹಿಡ್ಕಂಡೆಯಲ್ಲಪ್ಪಾ."

ಬಸ್ಸು ಹೊರಟಿತು. ನಾನು ಆರು ಮೈಲಿ ನಡೆದುಕೊಂಡೇ ಮನೆಗೆ ಬಂದೆ.

ಒಂದು ವಾರದಿಂದ ಯೋಚನೆ ಮಾಡಿ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತಿದ್ದೇನೆ. ನೀವು ಬಿಕ್ಕೋಡಿಗೆ ಹೋಗಬೇಕು. ಬೋರಮ್ಮನ ಮನೆಗಲ್ಲ, ಗರಡಿಗೆ. ನಾಲ್ಕು ಜನ ಸೇರಿರುವ ಹೊತ್ತು ನೋಡಿ ಹೋಗಿ. ಹಾರನಹಳ್ಳಿ ಕೃಷ್ಣಪ್ಪನಿಗೆ ತಲೆ ಕೆಟ್ಟಿದೆ, ಅವನು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು ಎಂದು ಹೇಳಿ. ನಾನು ಮೂರು ಮಾರು ದೂರದಲ್ಲಿ ಕೂತಿದ್ದೆ, ಕಣ್ಣಾರೆ ಕಂಡಿದ್ದೇನೆ, ಲಕ್ಕಪ್ಪ ತಟ್ಟಲಿಲ್ಲ, ಹೊಡೆದ, ಕತ್ತು ಸಿಕ್ಕಿಕೊಂಡ ಮೇಲೂ ಬಿಡದೆ ಹೊಡೆದ ಎಂದು ಹೇಳಿ. ಅದು ಆಟವಲ್ಲ, ನಿಜವಾದ ಹೊಡೆದಾಟ, ಅದರಲ್ಲಿ ಅವನು ಸೋಲಲಿಲ್ಲ ಎಂದೂ ಹೇಳಿ. ನೀವು ಓದಿದವರು, ಪ್ರಮಾಣ ಮಾಡಿ ಸಾಕ್ಷಿ ಹೇಳಿದವರು. ನಿಮ್ಮ ಮಾತನ್ನು ನಂಬುತ್ತಾರೆ.

ಕೃಷ್ಣಪ್ಪ